ಗ್ಯಾರೇಜನ್ನು ಕೋಣೆ ಮಾಡುವಾಗ: ಶಾಖ ತಡೆಯುವ ಮರದ ಒಳಗೋಡೆ

ಇಟ್ಟಿಗೆ ಗೋಡೆಯಲ್ಲಿ ನೀರು ಜಿನುಗುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಹೊಸ ಚೌಕಟ್ಟು ಹಳೆಯ ಗೋಡೆಗೆ ತಾಗಕೂಡದು. ನಡುವೆ 50 ಮಿ.ಮೀ. ತೆರಪು ಬಿಡಿ.

ಕಾಂಕ್ರೀಟ್ ನೆಲದ ತೇವ ಮರಕ್ಕೆ ಏರದಂತೆ ಚೌಕಟ್ಟಿನ ತಳಪಟ್ಟಿಯ (ಕೆಳಗಿನ ಅಡ್ಡಮರ) ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, 600 ಮಿ.ಮೀ.ಗೊಂದರಂತೆ ಆಂಕರ್ ಬೋಲ್ಟ್ ಬಿಗಿಯಿರಿ. ಮೇಲ್ಪಟ್ಟಿಯನ್ನು ತೂಗುಗುಂಡು ಹಿಡಿದು ನೇರಕ್ಕೆ ಕೂರಿಸಿ.

50×100 ಮಿ.ಮೀ. ಕಂಬಗಳನ್ನು ಮಧ್ಯದಿಂದ ಮಧ್ಯಕ್ಕೆ 600 ಮಿ.ಮೀ. ಅಂತರದಲ್ಲಿ ನಿಲ್ಲಿಸಿ. ಆಗ 1200 ಮಿ.ಮೀ. ಅಗಲದ ಜಿಪ್ಸಂ ಬೋರ್ಡಿನ ಅಂಚು ಕಂಬದ ಮಧ್ಯಭಾಗದ ಮೇಲೆಯೇ ಬರುತ್ತದೆ. ಗ್ಯಾರೇಜಿನ ನೆಲ ಸಾಮಾನ್ಯವಾಗಿ ಬಾಗಿಲ ಕಡೆಗೆ ಇಳಿಜಾರು. ಒಂದೇ ಅಳತೆಗೆ ಎಲ್ಲ ಕಂಬ ಕತ್ತರಿಸಿದರೆ ಮರ ಹಾಳು. ಪ್ರತಿಯೊಂದನ್ನೂ ಅದರ ಜಾಗದಲ್ಲೇ ಅಳೆಯಿರಿ. ಅರ್ಧ ಎತ್ತರದಲ್ಲಿ ಅಡ್ಡಪಟ್ಟಿ ಕೊಡಿ, ಇಲ್ಲದಿದ್ದರೆ ಕಂಬ ತಿರುಚಿಕೊಳ್ಳುತ್ತದೆ.

ವೈರಿಂಗ್ ಮುಗಿಸಿ, 100 ಮಿ.ಮೀ. ರಾಕ್‌ವೂಲನ್ನು (ಕಲ್ಲಿನ ನಾರಿನ ಶಾಖತಡೆ ಹಾಸು) ಕಂಬಗಳ ನಡುವಿನ ಸಂದಿಗಿಂತ 10 ಮಿ.ಮೀ. ಅಗಲ ಕತ್ತರಿಸಿ ಕೂರಿಸಿ. ಒತ್ತಿ ತುರುಕಬೇಡಿ, ಶಾಖ ತಡೆಯುವುದು ಅದರೊಳಗಿನ ಗಾಳಿ.

ಚಳಿ ಪ್ರದೇಶದಲ್ಲಿ ಆವಿತಡೆ ಹಾಳೆ ಕೋಣೆಯ ಕಡೆಗೇ ಇರಬೇಕು. ಜೋಡಣೆ, ಸ್ವಿಚ್ ಪೆಟ್ಟಿಗೆಯ ಸುತ್ತ ಟೇಪ್ ಹಚ್ಚಿ. ಇಲ್ಲಿ ಬಿಟ್ಟ ಸಣ್ಣ ಸೀಳಿನಿಂದ ನುಗ್ಗಿದ ಬೆಚ್ಚನೆಯ ಆವಿ ಒಳಗೆ ನೀರಾಗಿ, ಕಾಣದಂತೆ ಮರ ಕೊಳೆಸುತ್ತದೆ. ಕೊನೆಗೆ 12.5 ಮಿ.ಮೀ. ಬೋರ್ಡನ್ನು ನೆಲದಿಂದ 10 ಮಿ.ಮೀ. ಎತ್ತಿ ಸ್ಕ್ರೂ ಮಾಡಿ.