ರಾಣಿ ಪಿಂಕ್ ಸೀರೆ ಮತ್ತು ಗ್ಯಾಮಟ್ ವಾರ್ನಿಂಗ್: ನನ್ನ ಅನುಭವ

ಹೋದ ದಸರಾಕ್ಕೆ ಹುಬ್ಬಳ್ಳಿಯ ಒಂದು ಸೀರೆ ಅಂಗಡಿಗೆ 32 ಪುಟದ ಕ್ಯಾಟಲಾಗ್ ಮಾಡಿಕೊಟ್ಟೆ. ರಾಣಿ ಪಿಂಕ್ ರೇಷ್ಮೆಯ ಪುಟದಲ್ಲಿ ನೆರಿಗೆ ಒಂದೊಂದೂ ಎದ್ದು ಕಾಣುತ್ತಿತ್ತು. "ನಾಲ್ಕು ಕಲರ್‌ನ್ಯಾಗ ಅದು ಬರಂಗಿಲ್ಲ, ಬಿಡ್ರಿ" ಎಂದಿದ್ದ ಮಷಿನ್‌ಮನ್ನೇ ಶೀಟನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿಗೆ ಬರುವಷ್ಟರಲ್ಲಿ ಕೈಯಿಂದ ಹೋದದ್ದು ಸುಮಾರು 70 ಸಾವಿರ. ಮೊದಲ ಕ್ಯಾಟಲಾಗ್‌ನಲ್ಲಿ ನಾನು ಫೋಟೋಶಾಪ್‌ನ ಗ್ಯಾಮಟ್ ವಾರ್ನಿಂಗ್ (ಪ್ರಿಂಟ್‌ನಲ್ಲಿ ಬಾರದ ಬಣ್ಣವನ್ನು ಸ್ಕ್ರೀನ್ ಮೇಲೆ ಬೂದು ಮಾಡಿ ತೋರಿಸುವ ಸೌಲಭ್ಯ) ಆನ್ ಮಾಡಿಯೇ ಇರಲಿಲ್ಲ. ಸೀದಾ ಸಿಎಂವೈಕೆಗೆ (ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ಅಚ್ಚಿನ ನಾಲ್ಕು ಇಂಕ್‌ಗಳ ಲೆಕ್ಕಕ್ಕೆ) ಹಾಕಿ ಕಳಿಸಿದೆ. ಪಿಂಕ್ ಸೀರೆ ಬಣ್ಣ ಬಳಿದ ರಟ್ಟಿನ ಹಾಗೆ ಬಂತು. 1000 ಪ್ರತಿ ಅಚ್ಚಾಗಿತ್ತು. ಬಿಲ್‌ನಲ್ಲಿ 40 ಸಾವಿರದ ಹತ್ತಿರ ಮುರಿದುಕೊಂಡರು.

ಎರಡನೇ ಸಲ ಹೆದರಿಕೊಂಡು ಶಿಫ್ಟ್ ಕಂಟ್ರೋಲ್ ವೈ ಒತ್ತಿ ಆ ವಾರ್ನಿಂಗ್ ಆನ್ ಮಾಡಿ ಕೂತೆ. ಸೀರೆ ಪೂರ್ತಿ ಬೂದು. ಬೂದು ಒಂದು ಚುಕ್ಕೆಯೂ ಉಳಿಯದ ಹಾಗೆ ಸ್ಯಾಚುರೇಶನ್ ಇಳಿಸಿದೆ. ಅಂಗಡಿಯವರು ಪುಟ ನೋಡಿದವರೇ, "ಇದು ನಮ್ಮ ಸೀರಿ ಅಲ್ಲರಿ, ಹತ್ತು ಸಲ ತೊಳದ ಸೀರಿ" ಅಂದರು. ಒಂದು ಫಾರಂ (ಹಲವು ಪುಟ ಒಟ್ಟಿಗೆ ಅಚ್ಚಾಗುವ ದೊಡ್ಡ ಶೀಟ್) ಮತ್ತೆ ಪ್ರಿಂಟ್, ಅದೂ ನನ್ನ ಖರ್ಚಿನಲ್ಲಿ. ಆಮೇಲೆ ಡಿಜಿಟಲ್ ಪ್ರೂಫ್ (ಟೋನರ್ ಮಷಿನ್‌ನಲ್ಲಿ ತೆಗೆದ ಮಾದರಿ ಪ್ರತಿ) ತೋರಿಸಿ ಒಪ್ಪಿಗೆ ತಗೊಳ್ಳೋಣ ಎಂದುಕೊಂಡೆ. ಅಲ್ಲಿ ಪಿಂಕ್ ಚೆನ್ನಾಗೇ ಬಂತು, ನಿಜವಾದ ಅಚ್ಚು ನಡೆಯುವ ಆಫ್‌ಸೆಟ್ ಮಷಿನ್‌ನಲ್ಲಿ ಮಂಕಾಯಿತು. ಟೋನರ್ ಬೇರೆ, ಇಂಕ್ ಬೇರೆ. ಆ ಪ್ರೂಫ್ ಇಟ್ಟುಕೊಂಡು ಆಫ್‌ಸೆಟ್ ಬಣ್ಣದ ಮಾತು ಕೊಡಬೇಡಿ.

ನನಗೆ ತಡವಾಗಿ ಹೊಳೆದದ್ದು ಎರಡು ವಿಷಯ. ಒಂದು, ಆ ಬೂದು ಯಾವ ಪ್ರೊಫೈಲ್ (ಮಷಿನ್, ಪೇಪರ್, ಇಂಕ್ ಸೇರಿ ಯಾವ ಬಣ್ಣ ಕೊಡಬಲ್ಲವು ಎಂದು ಹೇಳುವ ಫೈಲ್) ಲೆಕ್ಕದಲ್ಲಿ ಬರುತ್ತಿದೆ ಅನ್ನೋದು. ನನ್ನ ಫೋಟೋಶಾಪ್‌ನಲ್ಲಿ ಮೊದಲಿಂದ ಇದ್ದದ್ದು ಯುಎಸ್ ವೆಬ್ ಕೋಟೆಡ್ ಸ್ವಾಪ್. ಅದು ಅಮೆರಿಕದ ರೋಲ್ ಪೇಪರ್ ಮಷಿನ್‌ಗಳದ್ದು. ನಮ್ಮದು 130 ಜಿಎಸ್‌ಎಂ ಆರ್ಟ್ ಪೇಪರ್, ಶೀಟ್ ಮಷಿನ್. ಪ್ರೆಸ್‌ನವರನ್ನು ಕೇಳಿದರೆ ಅವರು ಇಟ್ಟುಕೊಂಡದ್ದು ಫೋಗ್ರಾ 39, ಕೋಟಿಂಗ್ ಇರುವ ಪೇಪರ್‌ನ ಆಫ್‌ಸೆಟ್‌ಗೆ ಮಾಡಿದ ಪ್ರೊಫೈಲ್. ಪ್ರೂಫ್ ಸೆಟಪ್‌ನಲ್ಲಿ ಅದನ್ನು ಹಾಕಿದೆ. ಬೂದು ಇದ್ದ ಜಾಗವೇ ಬದಲಾಯಿತು. ಒಂದು ವರ್ಷ ಸುಮ್ನೆ ಯಾರದೋ ಪ್ರೆಸ್‌ಗೆ ಕರೆಕ್ಷನ್ ಮಾಡಿದ್ದೆ!

ಇನ್ನೊಂದು ಇನ್ನೂ ಮುಖ್ಯ. ಬೂದು ಎಲ್ಲಿ ಅನ್ನುತ್ತದೆ, ಎಷ್ಟು ಅನ್ನುವುದಿಲ್ಲ. ಕೂದಲೆಳೆ ಹೊರಗಿದ್ದರೂ ಅದೇ ಬೂದು, ಹರದಾರಿ ದೂರ ಇದ್ದರೂ ಅದೇ ಬೂದು. ಹಾಗಾಗಿ ಅದನ್ನು ಅಳಿಸುವುದು ಕೆಲಸವೇ ಅಲ್ಲ. ನೋಡಬೇಕಾದದ್ದು ಆ ಜಾಗದಲ್ಲಿ ನೆರಿಗೆ, ಜರಿ, ನೇಯ್ಗೆ ಉಳಿಯುತ್ತಾ ಅಂತ.

ಈಗ ನಾನು ಮಾಡುವುದು ಹೀಗೆ. ಕಲರ್ ರೇಂಜ್‌ನಲ್ಲಿ ಔಟ್ ಆಫ್ ಗ್ಯಾಮಟ್ ಆರಿಸಿ, ಆ ಸೆಲೆಕ್ಷನ್ನನ್ನು ಮಾಸ್ಕ್ ಮಾಡಿ (ತಿದ್ದುವುದು ಆ ಜಾಗಕ್ಕೆ ಮಾತ್ರ ತಾಗುವ ಹಾಗೆ), ಅಂಚು ಮೆತ್ತಗೆ ಮಾಡುತ್ತೇನೆ. ನ್ಯೂ ವಿಂಡೋ ತೆಗೆದು ಒಂದರಲ್ಲಿ ಮೂಲ, ಇನ್ನೊಂದರಲ್ಲಿ ಪ್ರೂಫ್ ಇಡುತ್ತೇನೆ. ಸ್ಯಾಚುರೇಶನ್ ಇಳಿಸುವುದು ಎಂಟೋ ಹತ್ತೋ, ಜಾಸ್ತಿ ಇಲ್ಲ. ಅರ್ಧ ಬೂದು ಹಾಗೇ ಉಳಿಯಲಿ. ರಾಣಿ ಪಿಂಕ್‌ನಲ್ಲಿ ರೆಡ್ ಚಾನೆಲ್ (ಫೋಟೋದ ಕೆಂಪು, ಹಸಿರು, ನೀಲಿ ಪದರಗಳಲ್ಲಿ ಒಂದು) ಗರಿಷ್ಠ 255ಕ್ಕೆ ಹೋಗಿ ಮುಚ್ಚಿಕೊಂಡಿರುತ್ತದೆ, ನೆರಿಗೆ ಇರುವುದು ಗ್ರೀನ್‌ನಲ್ಲಿ. ಆ ಗ್ರೀನನ್ನು ಲ್ಯುಮಿನಾಸಿಟಿ ಮೋಡ್‌ನಲ್ಲಿ (ಬಣ್ಣ ಮುಟ್ಟದೆ ಬೆಳಕು-ನೆರಳು ಮಾತ್ರ ಬದಲಿಸುವುದು) 20-25 ಪರ್ಸೆಂಟ್ ಮೇಲೆ ಹಾಕುತ್ತೇನೆ. ಸಿಎಂವೈಕೆಗೆ ಕನ್ವರ್ಟ್ ಆದ ಮೇಲೆ ಮಜೆಂಟಾ ಪ್ಲೇಟ್ ಹೇಗೂ ತುಂಬಿರುತ್ತದೆ, ಅದರಲ್ಲಿ ಆಕಾರ ಹುಡುಕಬೇಡಿ. ನೆರಿಗೆಯ ನೆರಳನ್ನು ಸಯಾನ್ ಹೊರಬೇಕು. ಹೈಲೈಟ್‌ನಲ್ಲಿ ಹಳದಿ ನುಸುಳಿದ್ದರೆ ತೆಗೆಯಿರಿ, ಪಿಂಕ್ ತಾನಾಗೇ ಬೆಳಗುತ್ತದೆ. ಸಯಾನ್ ಕರ್ವ್‌ನ ನಂಬರ್ ಇಲ್ಲಿ ಹೇಳುವುದಿಲ್ಲ, ಅದು ನನ್ನ ದುಡಿಮೆ. ಹಿಂದಿನ ಬ್ಯಾಕ್‌ಗ್ರೌಂಡ್‌ಗೆ ಏನು ಮಾಡುತ್ತೇನೆ ಅನ್ನೋದೂ ಅಷ್ಟೇ. ಕ್ರೀಮ್ ಬಣ್ಣ ಬಿಟ್ಟೆ ಎಂದಷ್ಟೇ ಹೇಳಬಲ್ಲೆ.

ನೀಲಿಯದು ಬೇರೆ ಕಥೆ. ಸ್ಕ್ರೀನಿನ ಅಪ್ಪಟ ಆರ್‌ಜಿಬಿ ನೀಲಿಯನ್ನು ಹಾಗೇ ಕನ್ವರ್ಟ್ ಮಾಡಿದರೆ ನೇರಳೆಗೆ ಜಾರುತ್ತದೆ, ಮಜೆಂಟಾ ಅಷ್ಟು ತುಂಬಿಕೊಳ್ಳುತ್ತದೆ. ಅಲ್ಲಿ ಸ್ಯಾಚುರೇಶನ್ ಮುಟ್ಟಬೇಡಿ, ಹ್ಯೂವನ್ನು ಸಯಾನ್ ಕಡೆಗೆ ಸ್ವಲ್ಪ ತಳ್ಳಿ. ಗಿಳಿಹಸಿರು ಮಾತ್ರ ಇನ್ನೂ ನನಗೆ ಪೂರ್ತಿ ದಕ್ಕಿಲ್ಲ.

ಇದರ ನಡುವೆ ಕವರ್ ಪುಟಕ್ಕೆ ಮಾತ್ರ ಮಜೆಂಟಾ ಇಂಕ್‌ಗೆ ಫ್ಲೋರೊಸೆಂಟ್ ಪಿಂಕ್ ಬೆರೆಸಿ ನೋಡಿದೆವು. ಕಣ್ಣು ಕುಕ್ಕುವ ಹಾಗೆ ಬಂತು. ಆದರೆ ಮಾಡೆಲ್ ಹುಡುಗಿಯ ಮುಖವೂ ಗುಲಾಬಿಯಾಯಿತು. ಇಂಕ್, ವಾಷ್‌ಅಪ್ (ಮಷಿನ್‌ನ ಇಂಕ್ ತೊಳೆಯುವುದು) ಎಲ್ಲ ಸೇರಿ ಐದಾರು ಸಾವಿರ ಹೋಯಿತು. ಬರೀ ಸೀರೆ ಇರುವ ಪುಟಕ್ಕಾದರೆ ಇನ್ನೊಮ್ಮೆ ಮಾಡುತ್ತೇನೆ.

ಒಂದು ಚಿಕ್ಕ ಅನುಕೂಲ: ಪ್ರಿಫರೆನ್ಸ್‌ನಲ್ಲಿ ವಾರ್ನಿಂಗ್ ಬಣ್ಣ ಬದಲಾಯಿಸಿಕೊಳ್ಳಿ. ಪಿಂಕ್ ಸೀರೆಗೆ ನಾನು ಎಳೆ ಹಸಿರು ಇಡುತ್ತೇನೆ. ಬೂದು ಬಣ್ಣ ಜರಿಯ ನೆರಳಿನಲ್ಲಿ ಕಳೆದುಹೋಗುತ್ತದೆ, ಅಲ್ವಾ?

ಈಗ ಅದೇ ಅಂಗಡಿಯವರು ಮದುವೆ ಸೀಸನ್‌ಗೆ ಕೋಟಿಂಗ್ ಇಲ್ಲದ ಪೇಪರ್ ಕೇಳುತ್ತಿದ್ದಾರೆ. ಅದರ ಪ್ರೊಫೈಲ್ ಹಾಕಿ ನೋಡಿದೆ. ಪಿಂಕ್ ಬಿಡಿ, ಕುಂಕುಮ ಕೆಂಪಿನ ಸೆರಗೂ ಮುಕ್ಕಾಲು ಹಸಿರಾಗಿ ಎಚ್ಚರಿಸುತ್ತಿದೆ. ನಾಳೆ ಪ್ರೆಸ್‌ನವರಿಂದ ಅದೇ ಪೇಪರ್‌ನ ನಾಲ್ಕು ಶೀಟ್ ತಗೊಂಡು ಶುರು ಮಾಡುತ್ತೇನೆ.