ಆನಮಾರ್ಫಿಕ್ ಲೆನ್ಸಾ, ಝೂಮಾ? ಮೊದ್ಲು ಗೋಡೆ ಅಳೀರಿ

ಮನೇಲಿ ಪ್ರೊಜೆಕ್ಟರ್ ಹಾಕ್ಕೊಂಡಿರೋರಿಗೆ ಒಂದಲ್ಲ ಒಂದಿನ ಈ ಕಿರಿಕಿರಿ ಶುರುವಾಗೇ ಆಗತ್ತೆ. ಮ್ಯಾಚು, ಟಿವಿ ಕಾರ್ಯಕ್ರಮ ಎಲ್ಲ ಪರದೆ ತುಂಬಾ ಬರತ್ತೆ, ಆದ್ರೆ ದೊಡ್ಡದಾಗಿ ನೋಡ್ಬೇಕು ಅಂತ ಕಾದು ಕಾದು ಇಟ್ಕೊಂಡಿದ್ದ ಸಿನಿಮಾ ಹಾಕಿದ ತಕ್ಷಣ ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ ಬಂದು ಕೂತ್ಕೊಳತ್ತೆ. ಇರೋದ್ರಲ್ಲೇ ದೊಡ್ಡದಾಗಬೇಕಾದ ಚಿತ್ರವೇ ಚಿಕ್ಕದಾಗೋಗತ್ತೆ. ಸ್ಕೋಪ್ (ಎತ್ತರದ ಸುಮಾರು 2.4 ಪಟ್ಟು ಅಗಲ ಇರೋ ಸಿನಿಮಾ ಚಿತ್ರ) ಅನ್ನೋದು ಹುಟ್ಟಿದ್ದೇ ಟಿವಿಗಿಂತ ಅಗಲ ಕಾಣ್ಲಿ ಅಂತ, 1953ರಲ್ಲಿ ಸಿನಿಮಾಸ್ಕೋಪ್ ಬಂದಾಗ ಜನ ನೋಡಿ ಬೆರಗಾಗಿದ್ದು ಆ ಅಗಲಕ್ಕೇ. ಅದನ್ನ ಮನೇಲಿ ಕುಗ್ಗಿಸಿ ನೋಡೋದು ನನಗಂತೂ ಸಂಕಟದ ವಿಷಯ.

ಇದಕ್ಕೆ ಪರಿಹಾರ, 16:9 (ಅಂದ್ರೆ ಈಗಿನ ಟಿವಿ ಅಳತೆಯ) ಪರದೆ ಬದ್ಲು ಸ್ಕೋಪ್ ಅಳತೆಯ ಪರದೆ ಹಾಕೋದು. ಅಂದ್ರೆ ಎತ್ತರ ಯಾವಾಗ್ಲೂ ಅಷ್ಟೇ, ಸ್ಕೋಪ್ ಸಿನಿಮಾ ಬಂದಾಗ ಅಗಲ ಜಾಸ್ತಿ. ಆದ್ರೆ ಪ್ರೊಜೆಕ್ಟರ್ ಒಳಗೆ ಚಿತ್ರ ಮೂಡಿಸೋ ಚಿಪ್ಪು 16:9ದೇ, ಹಾಗಾಗಿ ಆ ಅಗಲದ ಪರದೆಯನ್ನ ತುಂಬಿಸೋಕೆ ಎರಡು ದಾರಿ ಇದೆ. ಒಂದು, ಪ್ರೊಜೆಕ್ಟರ್‌ದೇ ಝೂಮ್ ತಿರುಗಿಸಿ ಇಡೀ ಚಿತ್ರವನ್ನ ದೊಡ್ಡದು ಮಾಡಿ ಕಪ್ಪು ಪಟ್ಟಿಗಳನ್ನ ಪರದೆಯಿಂದ ಆಚೆ ತಳ್ಳೋದು. ಎರಡು, ಪ್ರೊಜೆಕ್ಟರ್ ಮುಂದೆ ಇನ್ನೊಂದು ಲೆನ್ಸ್ ನಿಲ್ಲಿಸಿ ಚಿತ್ರವನ್ನ ಅಡ್ಡಡ್ಡಕ್ಕೆ ಮಾತ್ರ ಹಿಗ್ಗಿಸೋದು, ಇದೇ ಆನಮಾರ್ಫಿಕ್ ಲೆನ್ಸ್.

ಎರಡನೇದ್ರಲ್ಲಿ ಏನಾಗತ್ತೆ ಅಂತ ಸರಿಯಾಗಿ ತಿಳ್ಕೊಳ್ಳಿ, ಯಾಕಂದ್ರೆ ಬಹಳ ಜನ ಎಡವೋದು ಇಲ್ಲೇ. ಬ್ಲೂ-ರೇ ಡಿಸ್ಕಲ್ಲಿ 2.40 ಅಳತೆಯ ಸಿನಿಮಾ ಅಂದ್ರೆ 1920 x 1080ರಲ್ಲಿ ನಿಜವಾದ ಚಿತ್ರ ಇರೋದು 800 ಗೆರೆ ಮಾತ್ರ, ಉಳಿದ 280 ಗೆರೆ ಬರೀ ಕಪ್ಪು. 4ಕೆ ಡಿಸ್ಕಲ್ಲಿ 2160ರಲ್ಲಿ 1600. ಲೆನ್ಸ್ ಹಾಕಿದಾಗ ಪ್ರೊಜೆಕ್ಟರ್ ಮೊದ್ಲು ಆ 800 ಗೆರೆಯನ್ನ ಎಳೆದು 1080ಕ್ಕೆ ತುಂಬಿಸತ್ತೆ, ಆಗ ಮುಖಗಳೆಲ್ಲ ಉದ್ದುದ್ದ ಕಾಣತ್ತೆ, ಆಮೇಲೆ ಲೆನ್ಸು ಅಡ್ಡಕ್ಕೆ 1.33 ಪಟ್ಟು ಹಿಗ್ಗಿಸಿ ಮುಖ ಸರಿ ಮಾಡತ್ತೆ. 16:9 ಅಂದ್ರೆ 1.78, ಅದನ್ನ 1.33ರಿಂದ ಗುಣಿಸಿದ್ರೆ ಸುಮಾರು 2.37, ಲೆಕ್ಕ ಕೂಡ್ಕೊಳ್ತು. ಆದ್ರೆ ಡಿಸ್ಕಲ್ಲಿ ಇಲ್ಲದೇ ಇರೋ ವಿವರ ಹೊಸದಾಗಿ ಎಲ್ಲಿಂದಲೂ ಬರಲ್ಲ. ಲೆನ್ಸ್ ಹಾಕಿದ್ರೆ ಚಿತ್ರ ಜಾಸ್ತಿ ಶಾರ್ಪ್ ಆಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಸಿಗೋದು ಸಣ್ಣ ಪಿಕ್ಸೆಲ್ಲು, ಮತ್ತೆ ಜಾಸ್ತಿ ಬೆಳಕು. 4ಕೆ ಪ್ರೊಜೆಕ್ಟರಲ್ಲಿ ಪಿಕ್ಸೆಲ್ ಹೆಂಗೂ ಕಣ್ಣಿಗೆ ಕಾಣಲ್ಲ, ಹಾಗಾಗಿ ಉಳಿಯೋ ನಿಜವಾದ ಲಾಭ ಬೆಳಕೊಂದೇ.

ಮೊದಲನೇ ಹೆಜ್ಜೆ: ಗೋಡೆ

ಟೇಪ್ ತಗೊಂಡು ಗೋಡೆಯ ಅಗಲ ಎತ್ತರ ಎರಡೂ ಅಳೀರಿ. ನಿಮಗೆ ಅಡ್ಡ ಬರ್ತಿರೋದು ಎತ್ತರಾನಾ ಅಗಲಾನಾ ಅಂತ ನೋಡಿ. ಸೀಲಿಂಗ್ ತಗ್ಗಿದೆ, ಕೆಳಗೆ ಸ್ಪೀಕರ್ ಬೇರೆ ಇಡ್ಬೇಕು, ಆದ್ರೆ ಅಕ್ಕಪಕ್ಕ ಜಾಗ ಇದೆ ಅಂದ್ರೆ ಸ್ಕೋಪ್ ಪರದೆಗೆ ಅದಕ್ಕಿಂತ ಒಳ್ಳೆ ಕೋಣೆ ಇಲ್ಲ. ಅದೇ ಗೋಡೆ ಕಿರಿದಾಗಿದ್ದು ಎತ್ತರ ಬೇಕಾದಷ್ಟಿದ್ರೆ, ಲೆನ್ಸೂ ಬೇಡ ಝೂಮೂ ಬೇಡ, ಗೋಡೆಯಷ್ಟು ಅಗಲದ 16:9 ಪರದೆ ಹಾಕಿ. ಸ್ಕೋಪ್ ಸಿನಿಮಾ ಅಷ್ಟೇ ಅಗಲಕ್ಕೆ ಬರತ್ತೆ, ಬೇರೆದೆಲ್ಲ ಇನ್ನೂ ದೊಡ್ಡದಾಗಿ ಬರತ್ತೆ, ಕಪ್ಪು ಪಟ್ಟಿ ಮೇಲೆ ಒಂದು ಕಪ್ಪು ಬಟ್ಟೆ ಇಳಿಬಿಟ್ರೆ ಆಯ್ತು. ನಿಮ್ಮ ಮನೇಲಿ ದಿನಾ ಓಡೋದು ಮ್ಯಾಚು, ಗೇಮು, ಸೀರಿಯಲ್ಲೇ ಆದ್ರೂ ಇದೇ ಉತ್ತರ.

ಎರಡನೇ ಹೆಜ್ಜೆ: ಝೂಮ್ ಅಷ್ಟು ದೂರ ಎಳೆಯತ್ತಾ ನೋಡಿ

ಒಂದು ಉದಾಹರಣೆ ಇಟ್ಕೊಳ್ಳೋಣ. ಸ್ಕೋಪ್ ಪರದೆ 3 ಮೀಟರ್ ಅಗಲ, ಎತ್ತರ ಸುಮಾರು 1.27 ಮೀಟರ್. ಅದೇ ಎತ್ತರಕ್ಕೆ 16:9 ಚಿತ್ರ ಹಾಕಿದ್ರೆ ಅಗಲ 2.25 ಮೀಟರ್. ಪ್ರೊಜೆಕ್ಟರ್ 4.5 ಮೀಟರ್ ದೂರ ಇದೆ ಅಂದ್ಕೊಳ್ಳಿ. 4.5ನ್ನ 3ರಿಂದ ಭಾಗಿಸಿದ್ರೆ 1.5, 2.25ರಿಂದ ಭಾಗಿಸಿದ್ರೆ 2.0. ನಿಮ್ಮ ಪ್ರೊಜೆಕ್ಟರ್ ಮ್ಯಾನ್ಯುಯಲಲ್ಲಿ ಥ್ರೋ ರೇಶಿಯೋ (ದೂರವನ್ನ ಚಿತ್ರದ ಅಗಲದಿಂದ ಭಾಗಿಸಿದ್ದು) ಅಂತ ಎರಡು ಅಂಕಿ ಕೊಟ್ಟಿರ್ತಾರೆ, ಈ 1.5 ಮತ್ತೆ 2.0 ಎರಡೂ ಆ ಎರಡು ಅಂಕಿಗಳ ಮಧ್ಯೆ ಬಿದ್ರೆ ಝೂಮ್ ಸಾಕು. ಒಟ್ಟಾರೆ 1.33 ಪಟ್ಟಿಗಿಂತ ಸ್ವಲ್ಪ ಜಾಸ್ತಿ ಝೂಮ್ ಇರ್ಲೇಬೇಕು, 1.2 ಪಟ್ಟಿನದ್ದಾದ್ರೆ ಪ್ರೊಜೆಕ್ಟರನ್ನೇ ಹಿಂದೆ ಮುಂದೆ ಎತ್ತಿಡ್ಬೇಕಾಗತ್ತೆ, ಅದು ಆಗೋ ಹೋಗೋ ಮಾತಲ್ಲ.

ಝೂಮ್ ಮಾಡಿದಾಗ ಚಿತ್ರ ಪರದೆಯ ಮಧ್ಯದಲ್ಲೇ ನಿಲ್ಲತ್ತೆ ಅನ್ನೋ ಗ್ಯಾರಂಟಿ ಇಲ್ಲ, ಸ್ವಲ್ಪ ಮೇಲೋ ಕೆಳಗೋ ಜಾರತ್ತೆ, ಫೋಕಸ್ಸೂ ಸ್ವಲ್ಪ ತಪ್ಪತ್ತೆ. ಅದಕ್ಕೇ ಝೂಮ್, ಫೋಕಸ್, ಲೆನ್ಸ್ ಶಿಫ್ಟ್ (ಚಿತ್ರವನ್ನ ಮೇಲೆ ಕೆಳಗೆ ಸರಿಸೋದು) ಮೂರಕ್ಕೂ ಮೋಟರ್ ಇದ್ದು, ಆ ಸೆಟ್ಟಿಂಗ್ ನೆನಪಿಟ್ಕೊಳ್ಳೋ ಲೆನ್ಸ್ ಮೆಮೊರಿ ಇರೋ ಪ್ರೊಜೆಕ್ಟರ್ ಆದ್ರೆ ಜೀವಕ್ಕೆ ಸುಖ. 2008ರಲ್ಲಿ ಪ್ಯಾನಾಸೋನಿಕ್ ಪಿಟಿ-ಎಇ3000ರಲ್ಲಿ ಲೆನ್ಸ್ ಮೆಮೊರಿ ತಂದ ಮೇಲೆ ಜೆವಿಸಿ, ಸೋನಿ, ಎಪ್ಸನ್ ಎಲ್ರೂ ತಂದ್ರು, ಮನೆ ಥಿಯೇಟರಲ್ಲಿ ಲೆನ್ಸಿನ ಬೇಡಿಕೆ ಇಳಿಯೋಕೆ ದೊಡ್ಡ ಕಾರಣ ಇದೇ ಅನ್ನೋದು ನನ್ನ ಅನಿಸಿಕೆ. ಒಂದು ಬಟನ್ ಒತ್ತಿದ್ರೆ ಸ್ಕೋಪ್, ಇನ್ನೊಂದು ಒತ್ತಿದ್ರೆ 16:9. ಪ್ರತಿ ಸಲ ಕೂದಲೆಳೆಯಷ್ಟೂ ತಪ್ಪದೆ ಅದೇ ಜಾಗಕ್ಕೆ ಬರಲ್ಲ, ಒಂದೆರಡು ಪಿಕ್ಸೆಲ್ ಆಚೀಚೆ ಆಗತ್ತೆ, ಪರದೆ ಸುತ್ತ ಅಗಲವಾದ ಕಪ್ಪು ವೆಲ್ವೆಟ್ ಚೌಕಟ್ಟು ಇದ್ರೆ ಅದು ನುಂಗ್ಕೊಳತ್ತೆ.

ಮೂರನೇ ಹೆಜ್ಜೆ: ಒಂದು ವಾರ ಝೂಮಲ್ಲೇ ನೋಡಿ

ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ, ದಯವಿಟ್ಟು. ಪರದೆ ಕೊಳ್ಳೋಕೂ ಮುಂಚೆ ಬಿಳಿ ಗೋಡೆ ಮೇಲೆ ಪೇಂಟರ್‌ಗಳು ಅಂಟಿಸೋ ಕಾಗದದ ಟೇಪಲ್ಲಿ ಸ್ಕೋಪ್ ಅಳತೆಗೆ ಚೌಕ ಗುರುತು ಮಾಡಿ, ಝೂಮ್ ಮಾಡಿ ಸಿನಿಮಾ ಅದರೊಳಗೆ ಕೂರಿಸಿ. ನಮ್ಮ ಉದಾಹರಣೆಯಲ್ಲಿ ಪೂರ್ತಿ ಚಿತ್ರದ ಎತ್ತರ 1.69 ಮೀಟರ್ ಆಗತ್ತೆ, ಅಂದ್ರೆ ಮೇಲೆ 21 ಸೆಂಟಿಮೀಟರ್, ಕೆಳಗೆ 21 ಸೆಂಟಿಮೀಟರ್ ಕಪ್ಪು ಪಟ್ಟಿ ಗೋಡೆ ಮೇಲೆ ಚೆಲ್ಲತ್ತೆ. ಈ ಕಪ್ಪು ಪೂರ್ತಿ ಕಪ್ಪಲ್ಲ, ಅದೇ ಸಮಸ್ಯೆ. ಒಳ್ಳೆ ಕಾಂಟ್ರಾಸ್ಟ್ ಇರೋ ಪ್ರೊಜೆಕ್ಟರಲ್ಲಿ ಅದು ಇದೆ ಅಂತಾನೇ ಗೊತ್ತಾಗಲ್ಲ, ಕಪ್ಪು ತೆಳುವಾಗಿ ಬೂದು ಕಾಣೋ ಪ್ರೊಜೆಕ್ಟರಲ್ಲಿ ರಾತ್ರಿಯ ದೃಶ್ಯ ಬಂದಾಗ ಗೋಡೆ ಮಂಕಾಗಿ ಹೊಳೀತಾ ಇರತ್ತೆ, ಒಂದ್ಸಲ ಕಣ್ಣಿಗೆ ಬಿದ್ರೆ ಮತ್ತೆ ಮತ್ತೆ ಅಲ್ಲೇ ನೋಡ್ತೀರಿ. ನನ್ನ ಕೋಣೇಲಿ ಪರದೆ ಮೇಲೆ ಕೆಳಗೆ ಕಪ್ಪು ವೆಲ್ವೆಟ್ ಬಟ್ಟೆ ಅಂಟಿಸಿದ ದಿನ ಈ ತಲೆನೋವು ಹೋಯ್ತು, ಲೆನ್ಸ್ ಬೇಕು ಅಂತ ಆರು ತಿಂಗಳು ಲೆಕ್ಕ ಹಾಕಿದ್ದೆ, ಬಟ್ಟೆ ಅಂಟಿಸಿದ ಮೇಲೆ ಆ ಆಸೆಯೇ ಅರ್ಧ ಇಳೀತು.

ಈ ವಾರದಲ್ಲೇ ಸಬ್‌ಟೈಟಲ್ ಎಲ್ಲಿ ಬರತ್ತೆ ನೋಡ್ಕೊಳ್ಳಿ. ಕೆಲವು ಸಿನಿಮಾಗಳಲ್ಲಿ ಅಕ್ಷರ ಕಪ್ಪು ಪಟ್ಟಿಯೊಳಗೆ ಬರತ್ತೆ. ಝೂಮಲ್ಲಿ ಅದು ಗೋಡೆ ಮೇಲೆ ಬೀಳತ್ತೆ, ಲೆನ್ಸಲ್ಲಿ ಕತ್ತರಿಸಿ ಹೋಗತ್ತೆ, ಎರಡೂ ಕಡೆ ತೊಂದರೇನೇ. ಸಬ್‌ಟೈಟಲನ್ನ ಮೇಲಕ್ಕೆ ಸರಿಸೋ ಸೌಲಭ್ಯ ಇರೋ ಪ್ಲೇಯರ್ ಬೇಕಾಗತ್ತೆ.

ನಾಲ್ಕನೇ ಹೆಜ್ಜೆ: ಬೆಳಕಿನ ಲೆಕ್ಕ

ಲೆನ್ಸ್ ಕೊಳ್ಳಬೇಕಾ ಬೇಡ್ವಾ ಅನ್ನೋದು ತೀರ್ಮಾನ ಆಗ್ಬೇಕಾದದ್ದು ಇಲ್ಲಿ. ಝೂಮ್ ಮಾಡಿದಾಗ ಚಿಪ್ಪಿನ ಕಾಲು ಭಾಗ ಬೆಳಕು ಕಪ್ಪು ಪಟ್ಟಿಗೆ ಹೋಗಿ ವೇಸ್ಟ್. ಸಿನಿಮಾ ಮೋಡಲ್ಲಿ ನಿಜವಾಗಿ 1000 ಲ್ಯೂಮೆನ್ ಕೊಡೋ ಪ್ರೊಜೆಕ್ಟರ್ ತಗೊಳ್ಳಿ (ಡಬ್ಬದ ಮೇಲೆ ಬರೆದಿರೋ ಅಂಕಿ ಅಲ್ಲ, ಅದು ಹಸಿರು ಬಡಿಯೋ ಮೋಡಿನದ್ದು). ಝೂಮಲ್ಲಿ ಆ ಬೆಳಕು 5.06 ಚದರ ಮೀಟರ್ ಮೇಲೆ ಹರಡತ್ತೆ, ಲೆನ್ಸಲ್ಲಿ 3.8 ಚದರ ಮೀಟರ್ ಮೇಲೆ. ಗೇನ್ 1 ಇರೋ (ಬೆಳಕನ್ನ ಎಲ್ಲ ಕಡೆಗೂ ಸಮನಾಗಿ ಹಿಂದೆ ಕಳಿಸೋ) ಪರದೆ ಮೇಲೆ ಲೆಕ್ಕ ಹಾಕಿದ್ರೆ ಝೂಮಲ್ಲಿ ಸುಮಾರು 63 ನಿಟ್ಸ್ (ಪರದೆ ಎಷ್ಟು ಹೊಳಪಾಗಿ ಕಾಣತ್ತೆ ಅನ್ನೋ ಅಳತೆ), ಲೆನ್ಸಲ್ಲಿ 84. ಡಿಜಿಟಲ್ ಥಿಯೇಟರಿನ ಸ್ಟ್ಯಾಂಡರ್ಡ್ 48 ನಿಟ್ಸ್, ಅಂದ್ರೆ ಈ ಉದಾಹರಣೆಯಲ್ಲಿ ಝೂಮೇ ಧಾರಾಳ.

ಲೆನ್ಸಿನ ಆ 33 ಪರ್ಸೆಂಟ್ ಲಾಭ ಪೂರ್ತಿ ಕೈಗೆ ಬರಲ್ಲ ಅನ್ನೋದನ್ನೂ ಸೇರಿಸ್ಕೊಳ್ಳಿ. ಗಾಜು ಒಂದಿಷ್ಟು ನುಂಗತ್ತೆ, ಜೊತೆಗೆ ತುಂಬಾ ಪ್ರೊಜೆಕ್ಟರ್‌ಗಳು ಚಿತ್ರ ದೊಡ್ಡದು ಮಾಡೋ ಕಡೆಗೆ ಝೂಮ್ ತಿರುಗಿಸಿದಾಗ ಜಾಸ್ತಿ ಬೆಳಕು ಬಿಡ್ತವೆ, ಹಾಗಾಗಿ ಝೂಮ್ ಕಡೆಯ ನಷ್ಟ ಅಲ್ಲೇ ಸ್ವಲ್ಪ ತುಂಬತ್ತೆ. ಆದ್ರೆ ಪರದೆ 4 ಮೀಟರ್ ಅಗಲ ಆದಾಗ, ಅಥವಾ ಎಚ್‌ಡಿಆರ್ (ಹೊಳಪು ಜಾಸ್ತಿ ಬೇಡೋ) ಸಿನಿಮಾ ನೋಡುವಾಗ, ಅಥವಾ ಲ್ಯಾಂಪ್ ಹಳೇದಾಗಿ ಮಂಕಾದಾಗ ಪ್ರತಿ ಲ್ಯೂಮೆನ್ನೂ ಬೇಕು, ಅಲ್ಲಿ ಲೆನ್ಸ್ ತನ್ನ ಬೆಲೆಗೆ ನ್ಯಾಯ ಒದಗಿಸತ್ತೆ. ಕಪ್ಪು ಪಟ್ಟಿ ಅನ್ನೋದೇ ಇರಲ್ವಲ್ಲ, ಗೋಡೆ ಹೊಳೆಯೋ ಪ್ರಶ್ನೆಯೂ ಬರಲ್ಲ.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಝೂಮ್ ತಲುಪತ್ತೆ, ಕಪ್ಪು ಚೆನ್ನಾಗಿದೆ, ಬೆಳಕು ಸಾಕು ಅಂದ್ರೆ ಲೆನ್ಸ್ ತಗೋಬೇಡಿ, ಆ ದುಡ್ಡನ್ನ ಒಳ್ಳೆ ಪ್ರೊಜೆಕ್ಟರಿಗೋ ಕೋಣೆಗೆ ಕಪ್ಪು ಬಟ್ಟೆ ಹೊದಿಸೋಕೋ ಹಾಕಿ. ಮೂರರಲ್ಲಿ ಯಾವ್ದಾದ್ರೂ ಒಂದು ನಿಜಕ್ಕೂ ಕೈಕೊಟ್ರೆ ಮಾತ್ರ ಮುಂದಿನದು ಓದಿ.

ಐದನೇ ಹೆಜ್ಜೆ: ಲೆನ್ಸ್ ಆರಿಸೋದು, ಕೂರಿಸೋದು

ಮೊದ್ಲು ಮೆನುವಿನಲ್ಲಿ ಆನಮಾರ್ಫಿಕ್ ಅಥವಾ ವರ್ಟಿಕಲ್ ಸ್ಟ್ರೆಚ್ ಅನ್ನೋ ಮೋಡ್ ಇದೆಯಾ, ನಿಮ್ಮ 4ಕೆ ಸಿಗ್ನಲ್ಲಿಗೂ ಅದು ಕೆಲಸ ಮಾಡತ್ತಾ ಅಂತ ನೋಡಿ. ಇಲ್ಲದಿದ್ರೆ ಹೊರಗಿಂದ ಬೇರೆ ಸ್ಕೇಲರ್ (ಚಿತ್ರ ಎಳೆದು ಹಿಗ್ಗಿಸೋ ಪೆಟ್ಟಿಗೆ) ಹಾಕ್ಬೇಕು. ಹಳೇ ಥಿಯೇಟರ್‌ಗಳ ಫಿಲ್ಮ್ ಲೆನ್ಸ್ ಸಸ್ತಾಗಿ ಸಿಗತ್ತೆ ಅಂತ ತಂದ್ಬಿಡ್ಬೇಡಿ, ಅದು 2 ಪಟ್ಟು ಹಿಗ್ಗಿಸೋದು, ನಮಗೆ ಬೇಕಾದದ್ದು 1.33.

ಲೆನ್ಸಲ್ಲಿ ಎರಡು ಜಾತಿ. ಒಂದರಲ್ಲಿ ಎರಡು ಪ್ರಿಸಮ್ ಓರೆಯಾಗಿ ನಿಲ್ಲಿಸಿರ್ತಾರೆ, ಹಗುರ, ಸಸ್ತಾ, ಆದ್ರೆ ಅಂಚುಗಳಲ್ಲಿ ಬಣ್ಣ ಸೀಳೋದು, ಸ್ವಲ್ಪ ಮಸುಕಾಗೋದು ಕಾಣಬಹುದು. ಇನ್ನೊಂದು ಸಿಲಿಂಡರ್ ಆಕಾರದ ಗಾಜುಗಳದ್ದು, ಭಾರ, ದುಬಾರಿ, ಮೂಲೆ ಮೂಲೆಗೂ ಚೊಕ್ಕ. 4ಕೆ ಪ್ರೊಜೆಕ್ಟರ್ ಮುಂದೆ ಇಡೋದಾದ್ರೆ ಎರಡನೇದನ್ನೇ ನೋಡಿ, ಕೆಟ್ಟ ಗಾಜಿನ ಮೂಲಕ ಒಳ್ಳೆ ಚಿತ್ರ ಹಾಯಿಸೋದು ಮನಸ್ಸಿಗೆ ಒಪ್ಪೋ ಕೆಲಸ ಅಲ್ಲ.

ಲೆನ್ಸ್ ಹಾಕಿದ ಮೇಲೆ ಚಿತ್ರದ ಮೇಲಂಚು ಕೆಳಂಚು ಮಧ್ಯದಲ್ಲಿ ಒಳಗೆ ಬಾಗಿದ ಹಾಗೆ ಕಾಣತ್ತೆ, ಇದಕ್ಕೆ ಪಿನ್‌ಕುಷನ್ ಅಂತಾರೆ. ಪ್ರೊಜೆಕ್ಟರ್ ಹತ್ತಿರ ಇದ್ದಷ್ಟೂ ಇದು ಜಾಸ್ತಿ. ನಮ್ಮ ಉದಾಹರಣೆಯ 2.0 ಥ್ರೋ ಪರವಾಗಿಲ್ಲ, ಇನ್ನೂ ದೂರ ಆದ್ರೆ ಇನ್ನೂ ಒಳ್ಳೇದು. ಹತ್ತಿರ ಆದ್ರೆ ಬೆಳಕಿನ ಕಿರಣ ಅಗಲವಾಗಿ ಲೆನ್ಸಿನ ಬಾಯಿಗೆ ತಾಗಿ ಮೂಲೆ ಕತ್ತರಿಸೋ ಭಯವೂ ಇದೆ. ಉಳಿದ ಬಾಗನ್ನ ಚೌಕಟ್ಟಿನ ವೆಲ್ವೆಟ್ ಮೇಲೆ ಚೆಲ್ಲಿಸಿ ಮುಚ್ಚಬಹುದು, ಬಾಗಿದ ಪರದೆ ಹಾಕೋರೂ ಇದಾರೆ.

ಕೂರಿಸೋ ಕ್ರಮ: ಮೊದ್ಲು ಲೆನ್ಸ್ ಇಲ್ಲದೆ ಪ್ರೊಜೆಕ್ಟರನ್ನ ಪರದೆಗೆ ನೇರ ನಿಲ್ಲಿಸಿ, ಲೆನ್ಸ್ ಶಿಫ್ಟ್ ಆದಷ್ಟು ಕಮ್ಮಿ ಇರ್ಲಿ, ಕೀಸ್ಟೋನ್ (ಓರೆ ಚಿತ್ರವನ್ನ ಮೆನುವಿಂದಲೇ ನೆಟ್ಟಗೆ ಮಾಡೋದು) ಪೂರ್ತಿ ಆಫ್, ಗೆರೆ ಗೆರೆ ಇರೋ ಟೆಸ್ಟ್ ಪ್ಯಾಟರ್ನ್ ಹಾಕಿ ಫೋಕಸ್ ಚೂಪಾಗಿ ಮಾಡಿ. ಆಮೇಲೆ ಲೆನ್ಸನ್ನ ಪ್ರೊಜೆಕ್ಟರಿಗೆ ಆದಷ್ಟು ಹತ್ತಿರ ತಂದು, ಮಧ್ಯದ ನೆಟ್ಟನೆ ಗೆರೆ ನೆಟ್ಟಗೇ ಇರೋ ತನಕ, ಎಡ ಬಲದ ಮೂಲೆಗಳು ಒಂದೇ ಥರ ಬಾಗೋ ತನಕ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಹೋಗಿ. ಒಂದು ಸಂಜೆ ಇದಕ್ಕೇ ಇಟ್ಬಿಡಿ, ಅವಸರ ಮಾಡ್ಬೇಡಿ.

16:9 ನೋಡುವಾಗ ಲೆನ್ಸ್ ಏನು ಮಾಡೋದು? ಹಳಿ ಥರದ ಸ್ಲೈಡ್ ಮೇಲಿಟ್ಟು ಪಕ್ಕಕ್ಕೆ ಸರಿಸಬಹುದು. ಅಥವಾ ಅಲ್ಲೇ ಬಿಟ್ಟು ಪ್ರೊಜೆಕ್ಟರಲ್ಲೇ ಚಿತ್ರವನ್ನ ಅಡ್ಡಕ್ಕೆ ಕುಗ್ಗಿಸಬಹುದು, ಆಗ 3840ರಲ್ಲಿ 2880 ಪಿಕ್ಸೆಲ್ ಮಾತ್ರ ಬಳಕೆ ಆಗತ್ತೆ. ದಿನಾ ಮ್ಯಾಚ್ ನೋಡೋರಾದ್ರೆ ಸ್ಲೈಡೇ ಸರಿ. ಮಧ್ಯ ಮಧ್ಯ ಐಮ್ಯಾಕ್ಸ್ ದೃಶ್ಯಕ್ಕೆ ಚಿತ್ರ ಎತ್ತರ ಆಗೋ ಸಿನಿಮಾಗಳಿಗೂ ಲೆನ್ಸ್ ತೆಗೀರಿ, ಇಲ್ಲಾಂದ್ರೆ ಆ ದೃಶ್ಯಗಳ ತಲೆ ಕಾಲು ಕತ್ತರಿಸಿ ಹೋಗತ್ತೆ. ಝೂಮಲ್ಲಿ ಅದು ಗೋಡೆ ಮೇಲೆ ಹತ್ತತ್ತೆ, ಅಲ್ಲೂ 16:9 ಮೆಮೊರಿಗೆ ಹೋಗೋದೇ ವಾಸಿ.

ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳೋದಾದ್ರೆ ಹಣ ಕೊಡೋಕೆ ಮುಂಚೆ ಕತ್ತಲೆ ಕೋಣೇಲಿ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಒಳಗೆ ಜೇಡರ ಬಲೆ ಥರ ಗೆರೆ ಕಂಡ್ರೆ ಅದು ಫಂಗಸ್, ಮಂಜಿನ ಥರ ಕಂಡ್ರೆ ಗಾಜುಗಳ ಮಧ್ಯದ ಅಂಟು ಬಿಟ್ಟಿರಬಹುದು. ಎರಡರಲ್ಲಿ ಯಾವ್ದಿದ್ರೂ ವಾಪಸ್ ಕೊಟ್ಟು ಬನ್ನಿ. ಸಾಧ್ಯವಾದ್ರೆ ನಿಮ್ಮ ಪ್ರೊಜೆಕ್ಟರನ್ನೇ ತಗೊಂಡು ಹೋಗಿ, ಅದರ ಮುಂದೆ ಹಿಡಿದು ಬಿಳಿ ಅಕ್ಷರದ ಪುಟ ಒಂದನ್ನ ಮೂಲೆ ತನಕ ಓದಿ ನೋಡಿ.