ಮೀಟರ್‌ನಲ್ಲಿ ಶೇಕಡಾ 38, ಇನ್ವರ್ಟರ್ ಮಾತ್ರ ಆಫ್

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟು ಬರಲು ಎರಡು ದಿನವೂ ಆಗುತ್ತದೆ. ಅದಕ್ಕೇ ಸೋಲಾರ್ ಹಾಕಿಸಿದ್ದು: 3 ಕಿಲೋವಾಟ್ ಇನ್ವರ್ಟರ್, 51.2 ವೋಲ್ಟ್ 100 ಆಂಪಿಯರ್-ಅವರ್‌ನ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಲೆಕ್ಕಕ್ಕೆ 5.12 ಯೂನಿಟ್ ಹಿಡಿಯುತ್ತದೆ.

ಬ್ಯಾಟರಿಯ ಮುಖದ ಮೇಲೆ ನಾಲ್ಕು ಹಸಿರು ದೀಪ. ಮೂರು ಉರಿದರೆ ಎಷ್ಟು ಉಳಿದಿದೆ ಅಂತ ಅರ್ಥ? ಅರ್ಧಕ್ಕಿಂತ ಜಾಸ್ತಿ, ಅಷ್ಟೇ. "ಈಗ ಮಿಕ್ಸಿ ಹಾಕಬಹುದೇನೋ?" ಎಂದು ಅಮ್ಮ ಸಂಜೆ ಕೇಳಿದರೆ ನಾನು ಅಂದಾಜಿನ ಮೇಲೆ ಹೂಂ ಅನ್ನುತ್ತಿದ್ದೆ.

ಮೊದಲು ವೋಲ್ಟೇಜ್ ನೋಡಿದರೆ ಸಾಕು ಅಂದುಕೊಂಡಿದ್ದೆ. ಹಳೆಯ ಆ್ಯಸಿಡ್ ಬ್ಯಾಟರಿಯಲ್ಲಿ ಹೇಗೋ ನಡೆಯುತ್ತಿತ್ತು. ಇದರಲ್ಲಿ ನಡೆಯುವುದಿಲ್ಲ. ಶೇಕಡಾ 70ಕ್ಕೂ 40ಕ್ಕೂ ನಡುವೆ ಇರುವುದು ಸುಮಾರು ಅರ್ಧ ವೋಲ್ಟಿನ ವ್ಯತ್ಯಾಸ. ಮಿಕ್ಸಿ ತಿರುಗಿದರೆ ಅಷ್ಟು ಸುಮ್ನೆ ಇಳಿದು ಮತ್ತೆ ಏರುತ್ತದೆ. ಹಾಗಾಗಿ ಒಳಗೆ ಹೋದ ಆಂಪಿಯರ್, ಹೊರಗೆ ಬಂದ ಆಂಪಿಯರ್ ಎರಡನ್ನೂ ಎಣಿಸುತ್ತಲೇ ಇರಬೇಕು. ಅದಕ್ಕೆ ಬೇಕಾಗಿದ್ದು ಶಂಟ್.

ಶಂಟ್ ಅಂದರೆ ದೊಡ್ಡ ಯಂತ್ರವೇನಲ್ಲ. ಎರಡು ಹಿತ್ತಾಳೆ ತುಂಡು, ನಡುವೆ ಅಳತೆ ಮಾಡಿ ಕೂರಿಸಿದ ಲೋಹದ ಪಟ್ಟಿ. ನನ್ನದು 100 ಆಂಪಿಯರ್‌ಗೆ 75 ಮಿಲಿವೋಲ್ಟಿನದು. 20 ಆಂಪಿಯರ್ ಹರಿದರೆ ಅದರ ಎರಡು ತುದಿಗಳ ನಡುವೆ 15 ಮಿಲಿವೋಲ್ಟ್ ಸಿಗುತ್ತದೆ. ಮೀಟರ್ ಓದುವುದು ಅದನ್ನೇ.

ಮೊದಲು ತರಿಸಿದ ಅಗ್ಗದ ಡಿಸಿ ಮೀಟರ್ ಒಂದೇ ದಿಕ್ಕಿನ ಕರೆಂಟು ಓದುತ್ತಿತ್ತು. ಬ್ಯಾಟರಿ ಖಾಲಿಯಾಗುವಾಗ ಅಂಕಿ ಬರುತ್ತದೆ, ತುಂಬುವಾಗ ಸೊನ್ನೆ! ವೈರಿಂಗ್ ತಪ್ಪಿದೆ ಅಂತ ಒಂದು ಭಾನುವಾರವೆಲ್ಲ ಅದನ್ನೇ ಬಿಚ್ಚಿ ಕಟ್ಟಿದೆ. ತಪ್ಪು ನನ್ನದೇ, ಕೊಳ್ಳುವಾಗ ಓದಿ ನೋಡಿರಲಿಲ್ಲ. ಆ ಮೀಟರ್ ಈಗ ಪ್ಯಾನೆಲ್ ಲೈನಿನಲ್ಲಿದೆ, ಅಲ್ಲಿ ಕರೆಂಟು ಒಂದೇ ಕಡೆ ಹರಿಯುತ್ತದೆ. ಬ್ಯಾಟರಿಗೆ ಎರಡೂ ದಿಕ್ಕು ಓದುವ ಮೀಟರ್ ಬೇರೆ ತಂದೆ.

ಕೂರಿಸುವ ದಿನ ಉಂಗುರ, ವಾಚು ತೆಗೆದಿಟ್ಟೆ. ಸ್ಪ್ಯಾನರಿನ ಹಿಡಿಗೆಲ್ಲ ಟೇಪ್ ಸುತ್ತಿದೆ. 51 ವೋಲ್ಟ್ ಅಂದರೆ ಶಾಕ್ ಹೊಡೆಯುವುದಿಲ್ಲ ಅಂತ ಕೆಲವರು ಸಲೀಸಾಗಿ ಹೇಳುತ್ತಾರೆ. ಆದರೆ ಈ ಬ್ಯಾಟರಿಯ ಪ್ಲಸ್ಸಿಗೂ ಮೈನಸ್ಸಿಗೂ ಸ್ಪ್ಯಾನರ್ ಅಡ್ಡ ಬಿದ್ದರೆ ಅದು ಕೆಂಪಗೆ ಕಾಯುತ್ತದೆ. ಮೊದಲು ಪ್ಯಾನೆಲ್ಲಿನ ಸ್ವಿಚ್ ಆಫ್, ಆಮೇಲೆ ಮನೆಯ ಲೋಡ್, ಆಮೇಲೆ ಇನ್ವರ್ಟರ್, ಕೊನೆಗೆ ಬ್ಯಾಟರಿ ಬ್ರೇಕರ್. ಬ್ಯಾಟರಿಯನ್ನೇ ಮೊದಲು ತೆಗೆದರೆ ಬಿಸಿಲಿಗೆ ಬಂದ ಕರೆಂಟಿಗೆ ಹೋಗಲು ಜಾಗವಿರುವುದಿಲ್ಲ, ಚಾರ್ಜರ್ ಕೆಡಬಹುದು.

ಶಂಟನ್ನು ಮೈನಸ್ ಕಡೆ ಹಾಕಿದೆ. ಮೀಟರಿಗೆ ಪ್ಲಸ್ಸಿನಿಂದ ಹೋಗುವ ತೆಳ್ಳನೆಯ ವೈರಿಗೆ 1 ಆಂಪಿಯರ್ ಫ್ಯೂಸ್, ಅದೂ ಬ್ಯಾಟರಿಯ ಪಕ್ಕದಲ್ಲೇ. ಮತ್ತೆ ಬ್ರೇಕರ್ ಎತ್ತಿದ ಕೂಡಲೇ ಟಪ್ ಎಂದಿತು, ಬ್ಯಾಟರಿ ಸತ್ತಂತೆ ಕೂತಿತು. ಇನ್ವರ್ಟರ್ ಒಳಗಿನ, ಕರೆಂಟು ಹಿಡಿದಿಡುವ ಕೆಪಾಸಿಟರ್‌ಗಳು ಖಾಲಿಯಾಗಿದ್ದವು. ಅವು ಒಮ್ಮೆಲೇ ಕರೆಂಟು ಎಳೆದದ್ದನ್ನು ಬ್ಯಾಟರಿಯೊಳಗಿನ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟು ಶಾರ್ಟ್ ಅಂದುಕೊಂಡು ಟ್ರಿಪ್ ಆಗಿತ್ತು. ಎರಡನೇ ಸಲ ಹಳೆಯ 100 ವಾಟಿನ ಬಲ್ಬನ್ನು ನಡುವೆ ಕೊಟ್ಟು, ಕೆಪಾಸಿಟರ್ ನಿಧಾನವಾಗಿ ತುಂಬಿದ ಮೇಲೆ ಬ್ರೇಕರ್ ಎತ್ತಿದೆ. ಸದ್ದೇ ಬರಲಿಲ್ಲ.

ಆಮೇಲೆ ಡೇಟಾ. ಬ್ಯಾಟರಿ ಇರುವುದು ಹಿಂದಿನ ಕೋಣೆಯಲ್ಲಿ, ನಾನು ಕೂರುವುದು ಜಗಲಿಯಲ್ಲಿ. ಮೀಟರಿನ ಅಂಕಿಗಳನ್ನು ದೂರಕ್ಕೆ ಕಳಿಸುವ ಆರ್‌ಎಸ್-485 ಅಂದರೆ ಎ ಮತ್ತು ಬಿ ಎಂಬ ಎರಡು ವೈರ್, ನೆಟ್‌ವರ್ಕ್ ಕೇಬಲ್ಲಿನ ಒಂದು ಜೋಡಿ ಸಾಕು. ಆ ತುದಿಯಲ್ಲಿ ಮೀಟರ್, ಈ ತುದಿಯಲ್ಲಿ ಯುಎಸ್‌ಬಿ ಅಡಾಪ್ಟರ್, ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಅದರಲ್ಲಿ ಅಂಕಿಗಳನ್ನು ಗ್ರಾಫ್ ಮಾಡಿ ತೋರಿಸುವ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರ್. ಒಂದು ಅಕ್ಷರವೂ ಬರಲಿಲ್ಲ. ಎ-ಬಿ ಅದಲುಬದಲು ಮಾಡಿ ನೋಡಿದೆ. ಹಾಗೆ ಮಾಡಿದರೆ ಏನೂ ಸುಡುವುದಿಲ್ಲ, ಧೈರ್ಯವಾಗಿ ಮಾಡಬಹುದು. ಆಗಲೂ ಇಲ್ಲ. ಕೊನೆಗೆ ನೋಡಿದರೆ ವೇಗ 9600 ಸರಿಯಿತ್ತು, ಪ್ರತಿ ಅಕ್ಷರದ ಕೊನೆ ಸೂಚಿಸುವ ಸ್ಟಾಪ್ ಬಿಟ್ ಮಾತ್ರ ಮೀಟರಿಗೆ 2 ಬೇಕಿತ್ತು, ನಾನು 1 ಕೊಟ್ಟಿದ್ದೆ. ಬದಲಾಯಿಸಿದ ಕೂಡಲೇ ಅಂಕಿಗಳು ಸಾಲಾಗಿ ಬಂದವು.

ಇಡೀ ಬೇಸಿಗೆ ಎಲ್ಲ ಸರಿಯಿತ್ತು. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ತುಂಬುತ್ತದೆ, ಮೀಟರ್ 100 ತೋರಿಸುತ್ತದೆ. ನಾನು ಬಂದವರಿಗೆಲ್ಲ ಗ್ರಾಫ್ ತೋರಿಸುತ್ತಿದ್ದೆ.

ಆರಿದ್ರಾ ಮಳೆ ಹಿಡಿಯಿತು. ಆರು ದಿನ ಸೂರ್ಯ ಕಾಣಲಿಲ್ಲ. ಆರನೇ ರಾತ್ರಿ ಮೀಟರ್ ಶೇಕಡಾ 38 ಎನ್ನುತ್ತಿದ್ದಾಗಲೇ ಇನ್ವರ್ಟರ್ ಕೂಗಿಕೊಂಡು ಆಫ್ ಆಯಿತು. ಅಮ್ಮ ಚಿಮಣಿ ದೀಪ ಹಚ್ಚುತ್ತಾ, "ನಿನ್ನ ಗ್ರಾಫಿನಲ್ಲಿ ಏನು ಬರುತ್ತದೆ ಈಗ?" ಎಂದರು.

ಬ್ಯಾಟರಿ ಕೆಟ್ಟಿದೆ ಅಂತಲೇ ಅಂದುಕೊಂಡೆ. ಬೆಳಿಗ್ಗೆ ಟಾರ್ಚ್ ಹಿಡಿದು ಬ್ಯಾಟರಿಯ ಹಿಂದೆ ಬಗ್ಗಿ ನೋಡಿದೆ. ಮೈನಸ್ ಕಂಬದ ಮೇಲೆ ಶಂಟಿಗೆ ಹೋಗುವ ದಪ್ಪ ವೈರ್ ಒಂದೇ ಇರಬೇಕು. ಅಲ್ಲಿ ಎರಡಿದ್ದವು. ಎರಡನೆಯದು ತೆಳ್ಳಗಿನ ಕಪ್ಪು ವೈರ್, ವೈಫೈ ರೂಟರಿಗೆ 12 ವೋಲ್ಟ್ ಕೊಡುವ ಕನ್ವರ್ಟರಿನದು. ಒಂದು ವರ್ಷದ ಹಿಂದೆ ನಾನೇ ಹಾಕಿದ್ದೆ! ಅದರ ಕರೆಂಟು ಶಂಟಿನ ಮೂಲಕ ಹೋಗುವುದೇ ಇಲ್ಲ, ಮೀಟರಿಗೆ ಅದು ಲೆಕ್ಕದಲ್ಲೇ ಇಲ್ಲ.

ರೂಟರ್ ತಿನ್ನುವುದು ಬರೀ 10 ವಾಟ್. ಆದರೆ 24 ಗಂಟೆಗೆ 240 ವಾಟ್-ಅವರ್, ನನ್ನ ಬ್ಯಾಟರಿಯ ಶೇಕಡಾ 5ರ ಹತ್ತಿರ. ಆರು ದಿನಕ್ಕೆ ಸುಮಾರು 28. ಮೀಟರಿನ 38ರಲ್ಲಿ ಅದನ್ನು ಕಳೆಯಿರಿ, ಉಳಿಯುವುದು 10. ಇನ್ವರ್ಟರ್ ಆಫ್ ಆಗಿದ್ದು ಸರಿಯಾಗಿಯೇ. ಬೇಸಿಗೆಯಲ್ಲಿ ದಿನವೂ ಬ್ಯಾಟರಿ ತುಂಬಿ ಮೀಟರ್ ಮತ್ತೆ 100ಕ್ಕೆ ಹೊಂದಿಸಿಕೊಳ್ಳುತ್ತಿದ್ದುದರಿಂದ ಈ ಸೋರಿಕೆ ಕಾಣುತ್ತಿರಲಿಲ್ಲ, ಅಷ್ಟೇ. ಕಪ್ಪು ವೈರನ್ನು ಶಂಟಿನ ಆಚೆ ಬದಿಗೆ ಹಾಕಿದೆ. ಎರಡು ನಿಮಿಷದ ಕೆಲಸ.

"ತುಂಬಿತು" ಎಂದು ಮೀಟರಿಗೆ ತಿಳಿಸುವ ಸೆಟ್ಟಿಂಗನ್ನೂ ಆಗಲೇ ತಿದ್ದಿದೆ. 53 ವೋಲ್ಟಿಗೆ ಇಟ್ಟಿದ್ದೆ. ಚಾರ್ಜ್ ಆಗುತ್ತಿರುವಾಗ ಮೋಡ ಬಂದು ಕರೆಂಟು ಇಳಿದರೆ ಅದು ತುಂಬಿತು ಅಂದುಕೊಳ್ಳುತ್ತಿತ್ತು. ನನ್ನ ಇನ್ವರ್ಟರ್ 56ರವರೆಗೆ ಚಾರ್ಜ್ ಮಾಡುತ್ತದೆ. ಈಗ ವೋಲ್ಟೇಜ್ 55.6 ದಾಟಿ, ಕರೆಂಟು 4 ಆಂಪಿಯರ್‌ಗಿಂತ ಕೆಳಗಿಳಿದು, ಮೂರು ನಿಮಿಷ ಹಾಗೇ ಇದ್ದರೆ ಮಾತ್ರ 100.

ರೂಟರಿನ ಲೆಕ್ಕ ಹಾಕಿದ ಮೇಲೆ ರಾಸ್‌ಬೆರಿ ಪೈ ಮೇಲೂ ಕಣ್ಣು ಬಿತ್ತು. ಅಳೆಯುವವನಿಗೂ ಊಟ ಬೇಕಲ್ವಾ? ಅದಕ್ಕೆ 3 ವಾಟ್, ದಿನಕ್ಕೆ 72 ವಾಟ್-ಅವರ್. ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಜಾಗಕ್ಕೆ ಒಂದು ವಾಟೂ ತಿನ್ನದ, ವೈಫೈ ಇರುವ ಸಣ್ಣ ಇಎಸ್‌ಪಿ-32 ಬೋರ್ಡ್ ಹಾಕಿ, ಅಡುಗೆಮನೆಯ ಬಾಗಿಲ ಪಕ್ಕ ಸಣ್ಣ ಡಿಸ್‌ಪ್ಲೇ ಕೂರಿಸಿದೆ. ಅದರಲ್ಲಿ ಇರುವುದು ಎರಡೇ ಅಂಕಿ: ಉಳಿದ ಶೇಕಡಾ, ಈಗ ಹೋಗುತ್ತಿರುವ ವಾಟ್. ಗ್ರಾಫ್ ಇಲ್ಲ. ಅಮ್ಮ ಈಗ ಮಿಕ್ಸಿಗೆ ನನ್ನನ್ನು ಕೇಳುವುದಿಲ್ಲ.

ಜಗಲಿಯವರೆಗಿನ ಉದ್ದ ಕೇಬಲ್ಲನ್ನೂ ತೆಗೆದೆ, ಬೋರ್ಡು ವೈಫೈನಲ್ಲೇ ಮಾತಾಡುತ್ತದೆ. ನಮ್ಮಲ್ಲಿ ಮೇ ತಿಂಗಳ ಸಿಡಿಲು ಬಲು ಜೋರು, ಅದಕ್ಕೆ ಮನೆಯೊಳಗೆ ಉದ್ದದ ದಾರಿ ಯಾಕೆ ಬಿಡಬೇಕು ಅಂತ.